ಏರುವ ಗಾಳಿ, ಇಳಿಯುವ ವಿವೇಕ



ಬೆಂಗಳೂರಿನ ವಿಮಾನಪುರದ ಕಾರ್ಖಾನೆ ಸ್ಥಾಪನೆಯಾದದ್ದು 1940ರಲ್ಲಿ. ಮರುವರ್ಷವೇ ಅಲ್ಲಿ ಡಾ. ವಿ. ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ಹತ್ತು ಆಸನಗಳ ಗ್ಲೈಡರ್ ಸಿದ್ಧವಾಗಿ ಹಾರಿತು. ಅದಕ್ಕೆ ಎಂಜಿನ್ ಇರಲಿಲ್ಲ. ಎಂಜಿನ್ ಇಲ್ಲದ ಹಾರಾಟಕ್ಕೆ ಗಾಳಿಯೇ ಆಧಾರ. ತ್ರಿಕೋನಾಕಾರದ ರೆಕ್ಕೆಯ ಕೆಳಗೆ ಜೋತು ಹಾರುವ ಹ್ಯಾಂಗ್ ಗ್ಲೈಡರಿಗೂ, ಬಟ್ಟೆಯ ರೆಕ್ಕೆಯ ಪ್ಯಾರಾಗ್ಲೈಡರಿಗೂ ಇದೇ ನಿಯಮ. ಆದುದರಿಂದಲೇ ಇವುಗಳ ಸವಾರರು ಬೆಟ್ಟಗಳನ್ನು ಅರಸಿ ಹೋಗುತ್ತಾರೆ.

ಬಿಸಿಲಿಗೆ ಕಾದ ಬೆಟ್ಟದ ಇಳಿಜಾರಿನಿಂದ ಗಾಳಿ ಮೇಲೇರುತ್ತದೆ. ಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಏರುವುದು ಇದರ ಬಲದಿಂದಲೇ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಎತ್ತರದಲ್ಲಿ ತಣಿದು ಮೋಡವಾಗುತ್ತದೆ. ಒಂದು ಗ್ರಾಂ ಆವಿ ಹನಿಯಾಗುವಾಗ ಸುಮಾರು 600 ಕ್ಯಾಲೊರಿ ಶಾಖ ಹೊರಬೀಳುತ್ತದೆ. ಆ ಶಾಖವು ಗಾಳಿಯನ್ನು ಇನ್ನಷ್ಟು ರಭಸದಿಂದ ಮೇಲೆತ್ತುತ್ತದೆ. ಗುಡುಗಿನ ಮೋಡ ಬೆಳೆಯುವುದು ಹೀಗೆ. ಆಗ ಸವಾರನನ್ನು ಎತ್ತಿ ಹಿಡಿದಿದ್ದ ಗಾಳಿಯೇ ಅವನನ್ನು ಮೋಡದೊಳಕ್ಕೆ ಸೆಳೆದೊಯ್ಯುತ್ತದೆ.

2007ರ ಫೆಬ್ರವರಿ 14ರಂದು ಆಸ್ಟ್ರೇಲಿಯಾದ ಮ್ಯಾನಿಲಾ ಪಟ್ಟಣದ ಬಳಿ ಇದೇ ಸಂಭವಿಸಿತು. ವಿಶ್ವಸ್ಪರ್ಧೆಗೆ ಅಭ್ಯಾಸ ನಡೆಸುತ್ತಿದ್ದ ಜರ್ಮನ್ ತಂಡದ ಏವಾ ವಿಶ್ನಿಯೆರ್ಸ್ಕಾ ಅವರ ಪ್ಯಾರಾಗ್ಲೈಡರನ್ನು ಗುಡುಗಿನ ಮೋಡವೊಂದು 9,946 ಮೀಟರ್ ಎತ್ತರಕ್ಕೆ, ಅಂದರೆ ಎವರೆಸ್ಟ್ ಶಿಖರಕ್ಕಿಂತಲೂ ಮೇಲಕ್ಕೆ ಎಳೆದೊಯ್ದಿತು. ಆಮ್ಲಜನಕ ಸಾಲದೆ ಅವರು ಪ್ರಜ್ಞೆ ತಪ್ಪಿದರು. ಎಚ್ಚರಗೊಂಡಾಗ ಮೈಮೇಲೆ ಹಿಮ ಕಟ್ಟಿತ್ತು. ಹೊರಟ ಸ್ಥಳದಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಅವರು ಜೀವಸಹಿತ ಇಳಿದರು. ಅದೇ ದಿನ ಅದೇ ಬಿರುಗಾಳಿಗೆ ಸಿಲುಕಿದ ಚೀನಾದ ಸ್ಪರ್ಧಿಯೊಬ್ಬರು ಮರಳಲಿಲ್ಲ. ಇಬ್ಬರೂ ನುರಿತವರೇ. ಮೋಡದೊಳಗೆ ಸಿಲುಕಿದ ಮೇಲೆ ನೈಪುಣ್ಯದಿಂದ ಆಗುವುದು ಅತ್ಯಲ್ಪ. ಅದಕ್ಕೆ ಮೊದಲೇ ಇಳಿಯಬೇಕು.

ಈ ಮಾತು ಹಾರುವವರಿಗಷ್ಟೇ ಅಲ್ಲ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ ಮಲೆನಾಡಿನ ನೆತ್ತಿಯ ಮೇಲೂ ಇಂಥ ಮೋಡಗಳೇ ಬೆಳೆಯುತ್ತವೆ. ಹೂಕೋಸಿನಂತೆ ಉಬ್ಬುವ ಮೋಡದ ತಲೆ, ಕಪ್ಪಾಗುವ ತಳ, ಒಮ್ಮೆಲೇ ಬೀಸುವ ತಂಪು ಗಾಳಿ ಅದರ ಲಕ್ಷಣಗಳು. ಗುಡುಗು ಕೇಳಿಸಿತೆಂದರೆ ಸಿಡಿಲು ಎರಗುವಷ್ಟು ಸಮೀಪಕ್ಕೆ ಮೋಡ ಬಂದಿದೆಯೆಂದೇ ಅರ್ಥ. ಆ ಗಳಿಗೆಯಲ್ಲಿ ಅಂಗಳದ ಅಡಿಕೆಯನ್ನು ಇನ್ನೊಂದು ಬುಟ್ಟಿ ಬಾಚಿಕೊಳ್ಳೋಣವೆನ್ನುವ ರೈತನ ಆಸೆಗೂ, ಇನ್ನೊಂದು ಸುತ್ತು ಏರೋಣವೆನ್ನುವ ಸವಾರನ ಆಸೆಗೂ ಭೇದವಿಲ್ಲ. ಗುಡ್ಡದ ನೆತ್ತಿಯನ್ನೂ ಬಯಲನ್ನೂ ಬಿಡಬೇಕು. ಒಂಟಿ ಮರದ ಕೆಳಗೆ ನಿಲ್ಲದೆ ಮನೆಯೊಳಗೆ ಸೇರಬೇಕು.

ನೆನೆದ ಅಡಿಕೆಯನ್ನು ಮತ್ತೆ ಒಣಗಿಸಬಹುದು. ಹೋದ ಜೀವವನ್ನು ಮರಳಿ ತರಲಾಗದು.