ಹದಿನೇಳು ತಾಸು, ಆಮೇಲಿನ ಎಂಟು ತಾಸು

ಇವತ್ತು 2021ರ ಜನವರಿ 11, ಸೋಮವಾರ. ನಸುಕಿನಲ್ಲಿ ನೀವೆಲ್ಲ ನಿದ್ದೆಯಲ್ಲಿದ್ದಾಗ ಬೆಂಗಳೂರಿನಲ್ಲಿ ಏರ್ ಇಂಡಿಯಾದ ಒಂದು ವಿಮಾನ ಇಳಿದಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹತ್ತಿದವರು ನಡುವೆ ಎಲ್ಲೂ ಇಳಿಯದೆ ಸೀದಾ ಇಲ್ಲಿಗೆ ಬಂದಿದ್ದಾರೆ. ದೂರ ಸುಮಾರು 14,000 ಕಿಲೋಮೀಟರ್, ಹಿಡಿದಿದ್ದು ಹದಿನೇಳು ಗಂಟೆ. ಓಡಿಸಿದವರು ನಾಲ್ವರು ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಭೇಷ್ ಅನ್ನಲೇಬೇಕು.

ಬಂದ ದಾರಿ ಯಾವುದು ಗೊತ್ತಾ? ಉತ್ತರ ಧ್ರುವದ ಮೇಲಿಂದ! ಗೋಡೆಗೆ ತೂಗುಹಾಕಿದ ನಕ್ಷೆ ನೋಡಿದರೆ ಇದು ಸುತ್ತುದಾರಿ ಅನ್ನಿಸುತ್ತೆ. ಒಂದು ಚೆಂಡು ತಗೊಳ್ಳಿ, ಎರಡು ಊರಿಗೆ ಎರಡು ಚುಕ್ಕೆ ಇಡಿ, ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ತಾನಾಗೇ ಧ್ರುವದ ಕಡೆ ಹೋಗುತ್ತೆ. ಇಳಕಲ್ಲಿನ ನೇಕಾರರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಅದೇ ಇಳಕಲ್ಲಿನಿಂದ ಒಬ್ಬ ಹಿರಿಯರು ಬೆಳಗ್ಗೆ ಫೋನ್ ಮಾಡಿದ್ರು. ಮಗ ಅಮೆರಿಕದಲ್ಲಿದ್ದಾನೆ. "ಸರ, ವಿಮಾನ ಬಂತು, ಖುಷಿ ಆತು. ನಾ ಸತ್ರ ನನ್ನ ಮಗ ಮಣ್ಣಿಗೆ ಬರ್ತಾನೇನ್ರಿ?"

ಎಂಥ ಪ್ರಶ್ನೆ ನೋಡಿ. ನಾನು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಶನಿವಾರ ಸಂಜೆ ಆರಕ್ಕೆ ಇಲ್ಲಿ ಜೀವ ಹೋಯ್ತು ಅನ್ನಿ. ಅಲ್ಲಿ ಆಗಿನ್ನೂ ಶನಿವಾರ ನಸುಕಿನ ನಾಲ್ಕೂವರೆ. ಈ ಚಳಿಗಾಲದಲ್ಲಿ ಅವರು ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ವಿಮಾನ ಹೊರಡೋದು ಅಲ್ಲಿನ ರಾತ್ರಿ ಎಂಟೂವರೆಗೆ. ಇಲ್ಲಿ ಇಳಿಯೋದು ಸೋಮವಾರ ನಸುಕಿಗೆ. ಪಾಸ್‌ಪೋರ್ಟ್, ಬ್ಯಾಗು ಅಂತ ಹೊರಗೆ ಬರೋ ಹೊತ್ತಿಗೆ ಐದು ಗಂಟೆ. ಇಳಕಲ್, ಹುನಗುಂದದ ಕಡೆಯ ರಾತ್ರಿ ಬಸ್ಸುಗಳು ಹಿಂದಿನ ದಿನವೇ ಹೋಗಿರುತ್ತವೆ. ಕಾರು ಮಾಡಿಕೊಂಡು ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ ದಾಟಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್, ಏನಿಲ್ಲ ಅಂದ್ರೂ ಎಂಟು ತಾಸು. ಮನೆ ಬಾಗಿಲಿಗೆ ಬಂದಾಗ ಸೋಮವಾರ ಮಧ್ಯಾಹ್ನ ಒಂದು. ಒಟ್ಟು 43 ಗಂಟೆ! ಅಲ್ಲೀವರೆಗೆ ಐಸ್ ಪೆಟ್ಟಿಗೆ ಮುಂದೆ ಬಂಧುಬಳಗ ಕೂತಿರಬೇಕು. ಭಾನುವಾರ ಜೀವ ಹೋದರೆ ಇದೂ ಇಲ್ಲ, ವಾರಕ್ಕೆ ಎರಡೇ ವಿಮಾನ.

ರೈಲು? ಬಾದಾಮಿ, ಬಾಗಲಕೋಟೆಯವರಿಗೆ ಗೋಲ್‌ಗುಂಬಜ್ ಇದೆ, ಅದೂ ರಾತ್ರಿ ಗಾಡಿ. ಇಳಕಲ್‌, ಹುನಗುಂದ ಇವತ್ತಿಗೂ ರೈಲು ಕಂಡಿಲ್ಲ. ಹುಬ್ಬಳ್ಳಿಗೆ ಇನ್ನೊಂದು ವಿಮಾನ ಹಿಡೀಬಹುದು, ಅಲ್ಲಿಂದ ಮತ್ತೆ ಕಾರೇ.

ಧ್ರುವ ದಾಟೋದು ಹದಿನೇಳು ಗಂಟೆ ಅಂದ್ರೆ ಅದಕ್ಕಿಂತ ಬೇಗ ಆಗಲ್ಲ, ಒಪ್ಪೋಣ. ಆದರೆ ಈ ಕಡೆ ಕಳೆಯೋ ಹೊತ್ತು ನಮ್ಮ ಕೈಲಿದೆ ಅಲ್ವಾ ಸ್ವಾಮಿ? ಕಾರಿಗೆ ಸಾವಿರಾರು ರೂಪಾಯಿ ಕೊಡೋ ಶಕ್ತಿ ಎಲ್ಲರಿಗೂ ಇದೆಯಾ? ಬ್ಯಾಂಕಿನಲ್ಲಿ ಸಾಲ ಮಾಡಿ ಮಗನ್ನ ಓದಿಸಿದ ಮಗ್ಗದ ಮನೆಗಳವು. ಸಾರಿಗೆ ಸಚಿವರು ಕೇಳಿಸ್ಕೋತಿದ್ದರೆ ಹೇಳ್ತೀನಿ: ಈ ವಿಮಾನ ಇಳಿಯೋ ದಿನ ಬೆಳಗಿನ ಐದಕ್ಕೆ ದೇವನಹಳ್ಳಿಯಿಂದ ಹೊಸಪೇಟೆ, ಇಳಕಲ್, ಹುನಗುಂದದ ಮೇಲೆ ಬಾಗಲಕೋಟೆಗೆ ಒಂದೇ ಒಂದು ಬಸ್ ಬಿಡಿ. ವಾರಕ್ಕೆ ಎರಡು ದಿನ ಸಾಕು.