ಲಾರಿಯ ವೇಗವೂ ಎಣ್ಣೆಯ ಲೆಕ್ಕವೂ

(ವಾರ್ಷಿಕ ಸ್ನೇಹಸಮ್ಮೇಳನದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ‘ತಂದೆಯ ಉದ್ಯೋಗ’ವೆಂಬ ಅಂಕಣವೊಂದಿದೆ. ಅದನ್ನು ಓದುತ್ತ ಹೋದರೆ ಕಟ್ಟಡದ ಕೆಲಸ, ಬಂದರದ ಕೆಲಸ ಎಂಬವುಗಳ ನಡುವೆ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಮಾತು ‘ಲಾರಿ ಚಾಲಕ’ ಎಂಬುದು. ವಿಜಾಪುರ, ಬಾಗಲಕೋಟೆ, ಗದಗ ಕಡೆಗಳಿಂದ ಗೋವೆಗೆ ಬಂದು ನೆಲಸಿದ ನಮ್ಮ ಜನರಲ್ಲಿ ಅನೇಕರ ಅನ್ನವು ಸ್ಟಿಯರಿಂಗಿನ ಮೇಲೆಯೇ ಇದೆ. ಆದಕಾರಣ ವಿದ್ಯೆಯ ಮಹಿಮೆಯನ್ನು ಅತಿಥಿ ಮಹನೀಯರಿಗೆ ಬಿಟ್ಟು, ಚಾಲಕರು ದಿನವೂ ರಸ್ತೆಯಲ್ಲಿ ಮಾಡತಕ್ಕ ಒಂದು ಲೆಕ್ಕವನ್ನು ಕುರಿತು ನಾವು ನಾಲ್ಕು ಮಾತು ಹೇಳಬಯಸುತ್ತೇವೆ. ಮೆಲ್ಲಗೆ ಹೋದರೆ ಎಣ್ಣೆ ಉಳಿಯುತ್ತದೆ, ಜೋರಾಗಿ ಹೋದರೆ ಹೊತ್ತು ಉಳಿಯುತ್ತದೆ. ಎರಡರಲ್ಲಿ ಲಾಭ ಯಾವುದು?

ಮೊದಲು ಹೊತ್ತಿನ ಲೆಕ್ಕ. ಏಳನೆಯ ತರಗತಿಯ ಮಕ್ಕಳು ಇದನ್ನು ಬಾಯಲ್ಲಿಯೇ ಮಾಡಬಲ್ಲರು. ನೂರು ಕಿಲೋಮೀಟರ್ ದಾರಿಯನ್ನು ಗಂಟೆಗೆ 40ರ ವೇಗದಲ್ಲಿ ಹೋದರೆ 150 ನಿಮಿಷ, 50ರಲ್ಲಿ ಹೋದರೆ 120 ನಿಮಿಷ. ವೇಗವನ್ನು 10ರಷ್ಟು ಹೆಚ್ಚಿಸಿದ್ದಕ್ಕೆ ಅರ್ಧ ಗಂಟೆ ದೊರೆಯಿತು. ಅದೇ ದಾರಿಯನ್ನು 70ರಲ್ಲಿ ಹೋದರೆ ಸುಮಾರು 86 ನಿಮಿಷ, 80ರಲ್ಲಿ 75. ಹೆಚ್ಚಿಸಿದ ವೇಗ ಅದೇ 10. ದೊರೆತದ್ದು ಮಾತ್ರ 11 ನಿಮಿಷ. ಒಂದು ಚಹಾ ಅಂಗಡಿಯಲ್ಲಿ ಲಾರಿ ನಿಲ್ಲಿಸಿದರೆ ಈ 11 ನಿಮಿಷ ಅಲ್ಲಿಯೇ ಕರಗಿಹೋಗುತ್ತದೆ.

ಇತ್ತ ಎಣ್ಣೆಯ ಖರ್ಚು ಹಾಗೆ ಕುಗ್ಗುವುದಿಲ್ಲ, ಹಿಗ್ಗುತ್ತದೆ. ಓಡುವ ಲಾರಿಯನ್ನು ಗಾಳಿ ತಡೆಯುತ್ತದೆ. ಆ ತಡೆಯು ವೇಗದ ವರ್ಗದಂತೆ ಏರುತ್ತದೆ. 60ರಿಂದ 80ಕ್ಕೆ ಏರಿದ ಲಾರಿಗೆ ಗಾಳಿಯ ತಡೆ ಸುಮಾರು ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಮೇಲೆ ಹೊದಿಸಿದ ತಾಡಪತ್ರಿ ಸಡಿಲವಾಗಿ ಪಟಪಟನೆ ಬಡಿಯುತ್ತಿದ್ದರೆ ಅದರದೊಂದು ಪಾಲು ಬೇರೆ. ಹಾಗೆಂದು ಆಮೆಯಂತೆ ಕೆಳಗಿನ ಗೇರಿನಲ್ಲಿ ತೆವಳಿದರೂ ಎಣ್ಣೆ ಉಳಿಯದು. ದಾರಿ ಸಾಗದಿದ್ದರೂ ಎಂಜಿನ್ನಿನ ಹಸಿವು ನಿಲ್ಲುವುದಿಲ್ಲ. 1978ರಲ್ಲಿ ಸ್ಥಾಪಿತವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನ ಸಂಘವು ವಾಹನ ನಡೆಸುವವರಿಗೆ ಹೇಳುತ್ತ ಬಂದಿರುವುದು 45ರಿಂದ 55ರ ನಡುವಣ ವೇಗವನ್ನು. 2015ರ ಅಕ್ಟೋಬರಿನಿಂದ ತಯಾರಾದ ಲಾರಿಗಳಲ್ಲಿ 80ರ ಮೇಲೆ ಹೋಗದಂತೆ ತಡೆಯುವ ಯಂತ್ರವನ್ನು ಸರಕಾರವೇ ಕಡ್ಡಾಯ ಮಾಡಿತು.

ಇದೆಲ್ಲ ಬಯಲು ನಾಡಿನ ಮಾತು. ಗೋವೆಗೆ ಬರುವ ಲಾರಿಗೆ ಘಟ್ಟವಿದೆ. ಬೆಳಗಾವಿಯಿಂದ ಖಾನಾಪುರ, ಅನಮೋಡ, ಮೊಲ್ಲೆಂ, ಫೋಂಡಾ ಮಾರ್ಗವಾಗಿ ಬರುವ ಹೆದ್ದಾರಿಯನ್ನು ನಿಮ್ಮಲ್ಲಿ ಬಹು ಮಂದಿ ಊರಿಗೆ ಹೋಗುವಾಗ ಕಂಡಿದ್ದೀರಿ. 25 ಟನ್ ತೂಕದ ಲಾರಿಯು 500 ಮೀಟರ್ ಎತ್ತರ ಏರಬೇಕಾದರೆ, ಬರಿಯ ಏರುವಿಕೆಗೇ ಸುಮಾರು 8 ಲೀಟರ್ ಡೀಸೆಲ್ ಬೇಕೆಂದು ನಾವು ಲೆಕ್ಕ ಹಾಕಿದ್ದೇವೆ. ಬೇಗ ಹತ್ತಿದರೂ ನಿಧಾನವಾಗಿ ಹತ್ತಿದರೂ ಈ ಋಣವನ್ನು ತೀರಿಸಲೇಬೇಕು. ಗೋವೆಯ ಉಪ್ಪನ್ನು ಎತ್ತಿನ ಬೆನ್ನಿನ ಮೇಲೆ ಹೇರಿ ಘಟ್ಟ ಹತ್ತಿಸುತ್ತಿದ್ದ ಕಾಲದಲ್ಲಿ ಇದನ್ನೇ ಎತ್ತುಗಳು ಹುಲ್ಲಿನಲ್ಲಿ ತೀರಿಸಿದವು.

ಇಳಿಯುವಾಗ ಈ ಋಣವನ್ನು ವಸೂಲು ಮಾಡುವ ಆಸೆ ಹುಟ್ಟುತ್ತದೆ. ಇಲ್ಲಿ ಪಾಲಕ ಬಂಧುಗಳು ಸ್ವಲ್ಪ ಕಿವಿಗೊಡಬೇಕು. ಕೆಲವರು ಗೇರನ್ನು ನ್ಯೂಟ್ರಲ್‌ಗೆ ತಂದು ಬಿಡುತ್ತಾರೆ. ಇನ್ನು ಕೆಲವರು ಎಂಜಿನ್ನನ್ನೇ ಆರಿಸುತ್ತಾರೆ. ಎಂಜಿನ್ ನಿಂತರೆ ಗಾಳಿಯ ಬ್ರೇಕಿಗೆ ಗಾಳಿ ತುಂಬುವ ಯಂತ್ರವೂ ನಿಲ್ಲುತ್ತದೆ. ನಾಲ್ಕಾರು ಬಾರಿ ಬ್ರೇಕು ಒತ್ತಿದ ಮೇಲೆ ಒತ್ತಡ ಕುಗ್ಗುತ್ತದೆ. ನ್ಯೂಟ್ರಲ್‌ನಲ್ಲಿಯಾದರೋ ಇಡೀ ಲಾರಿಯ ಭಾರವನ್ನು ಬ್ರೇಕೊಂದೇ ಹೊರಬೇಕಾಗಿ ಅದು ಕಾದು ಹಿಡಿತ ಬಿಡುತ್ತದೆ. ಇಷ್ಟಾದರೂ ಎಣ್ಣೆಯಾದರೂ ಉಳಿಯಿತೇ? ಇಲ್ಲ. ಈಗಿನ ಎಂಜಿನ್ನುಗಳಲ್ಲಿ ಗೇರು ಹಾಕಿ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಎಣ್ಣೆ ಹರಿಯುವುದೇ ನಿಲ್ಲುತ್ತದೆ, ಇಳಿಜಾರೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಅದು ಆರದಂತೆ ಎಣ್ಣೆ ಉರಿಯುತ್ತಲೇ ಇರುತ್ತದೆ. ಯಾವ ಗೇರಿನಲ್ಲಿ ಹತ್ತುವೆಯೋ ಆ ಗೇರಿನಲ್ಲಿಯೇ ಇಳಿ ಎಂಬ ಹಳೆಯ ಚಾಲಕರ ಮಾತು ಬ್ರೇಕಿಗೂ ಒಳ್ಳೆಯದು, ಎಣ್ಣೆಗೂ ಒಳ್ಳೆಯದು.

ಆದರೂ ಚಾಲಕನು ಓಡುವುದು ಏಕೆ? ಅವನನ್ನು ದೂರುವುದು ಸುಲಭ. ಬೆಳಗಾವಿಯ ತರಕಾರಿಯು ಬೆಳಗಾಗುವುದರೊಳಗೆ ಗೋವೆಯ ಪೇಟೆಯನ್ನು ಮುಟ್ಟದಿದ್ದರೆ ಬಾಡಿದ ಸೊಪ್ಪಿಗೆ ಬೆಲೆಯಿಲ್ಲ. ಅಲ್ಲಿ ಹೊತ್ತಿಗೆ ನಿಜವಾಗಿಯೂ ಹಣದ ತೂಕವಿದೆ. ಸಿಮೆಂಟಿನ ಚೀಲಕ್ಕೆ ಅಂಥ ಅವಸರವಿಲ್ಲ. 2012ರಲ್ಲಿ ಗಣಿಗಳು ನಿಲ್ಲುವ ಮುಂಚೆ ಸಾವರ್ಡೆ, ಉಸಗಾಂವ್ ಕಡೆ ಅದಿರಿನ ಲಾರಿಗಳು ಧೂಳೆಬ್ಬಿಸಿ ಓಡುತ್ತಿದ್ದವು. ಟ್ರಿಪ್ಪು ಹೆಚ್ಚಿದಷ್ಟೂ ಕೂಲಿ ಹೆಚ್ಚು ಎಂದಾದ ಮೇಲೆ ಮತ್ತೇನು? ಅದೇ ಅದಿರನ್ನು ನದಿಯ ದಂಡೆಯಿಂದ ಮುರಗಾಂವ್ ಬಂದರಕ್ಕೆ ಒಯ್ಯುತ್ತಿದ್ದ ಬಾರ್ಜುಗಳು ಮಾತ್ರ ಮಾಂಡವಿ, ಜುವಾರಿಗಳಲ್ಲಿ ತಮ್ಮ ಮಂದಗತಿಯನ್ನು ಬಿಡಲಿಲ್ಲ. ಅಮೇರಿಕದಲ್ಲಿಯೂ ಹೀಗೆಯೇ ಆಯಿತು: ಎಣ್ಣೆಯ ಬರದಿಂದ 1974ರಲ್ಲಿ ವೇಗವನ್ನು ಗಂಟೆಗೆ 55 ಮೈಲಿಗೆ ಇಳಿಸಿದಾಗ ಮೈಲಿಗಿಷ್ಟೆಂದು ದುಡಿಯುವ ಲಾರಿ ಚಾಲಕರು ಸಿಟ್ಟಾದರು. ಎಣ್ಣೆಯ ಹಣ ಮಾಲಕನದು, ಹೊತ್ತಿನ ಹಣ ಚಾಲಕನದು ಎಂದಾದಲ್ಲಿ ಲೆಕ್ಕವು ಒಂದೇ ಪುಟದಲ್ಲಿ ಕೂಡುವುದಿಲ್ಲ. ಉಳಿದ ಎಣ್ಣೆಯಲ್ಲಿ ಚಾಲಕನಿಗೂ ಪಾಲಿರುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಕಳೆದುಹೋಗುವ ಹೊತ್ತೆಲ್ಲ ಓಟದಲ್ಲಿಯೇ ಕಳೆಯುವುದೂ ಅಲ್ಲ. ಗಡಿಯ ತೆರಿಗೆ ಕಟ್ಟೆಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲವು 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಬಹುಮಟ್ಟಿಗೆ ಹೋಯಿತು. ಅದರಿಂದ ಉಳಿದ ಹೊತ್ತನ್ನು ಯಾವ ವೇಗವೂ ಗಳಿಸಿಕೊಡಲಾರದು. ಸರಕು ಹೇರಲು, ಇಳಿಸಲು ಕಾಯುವ ಹೊತ್ತು ಇನ್ನೂ ಹಾಗೆಯೇ ಇದೆ. ಅಲ್ಲಿ ಹೋದ ನಾಲ್ಕು ಗಂಟೆಯನ್ನು ರಾತ್ರಿ ನಿದ್ದೆಗೆಟ್ಟು ತುಂಬಿಸಹೊರಟವನು ನಿಮ್ಮ ತಂದೆ, ಮಕ್ಕಳೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ 8 ಗಂಟೆಯ ಮಿತಿಯನ್ನು ಬರೆದಿತ್ತು. ರಸ್ತೆಯಲ್ಲಿ ಅದನ್ನು ಓದಿದವರು ವಿರಳ.

ವೇಗ, ಎಣ್ಣೆ, ನಿದ್ದೆ ಮೂರನ್ನೂ ಕೂಡಿಸಿದ ಒಂದು ಉಪಾಯವು ನಮ್ಮ ಗೋವೆಯಲ್ಲಿಯೇ ಇದೆ. 1999ರ ಜನವರಿ 26ರಂದು ಕೊಂಕಣ ರೈಲ್ವೆಯು ಮಹಾರಾಷ್ಟ್ರದ ಕೋಲಾಡದಿಂದ ವೆರ್ಣಾವರೆಗೆ ಲಾರಿಗಳನ್ನೇ ರೈಲಿನ ಮೇಲೆ ಹೇರಿ ಸಾಗಿಸತೊಡಗಿತು. 2004ರಲ್ಲಿ ಅದನ್ನು ಸುರತ್ಕಲ್‌ವರೆಗೆ ಬೆಳೆಸಿತು. ತೆರೆದ ಬಂಡಿಯ ಮೇಲೆ ಸರಕು ಸಹಿತ ಲಾರಿ, ಅದರ ಕೋಣೆಯಲ್ಲಿ ಚಾಲಕನೂ ಕ್ಲೀನರನೂ. ಎಂಜಿನ್ ಆರಿದೆ, ಟಾಯರು ಸವೆಯುವುದಿಲ್ಲ, ಘಟ್ಟಗಳೆಲ್ಲ ಕಿಟಕಿಯ ಹೊರಗೆ ಸರಿದುಹೋಗುತ್ತವೆ.

ರಜೆ ಮುಗಿದ ಮೇಲೆ ಗಣಿತದ ಪಾಠಕ್ಕೆ ಈ ಲೆಕ್ಕಗಳನ್ನೇ ತೆಗೆದುಕೊಳ್ಳಬೇಕೆಂದಿದ್ದೇವೆ. ಚಾಲಕರಾಗಿರುವ ಪಾಲಕರು ತಮ್ಮ ಒಂದೊಂದು ಪ್ರಯಾಣದ ದೂರ, ಹಿಡಿದ ಹೊತ್ತು, ಕಾದು ನಿಂತ ಹೊತ್ತು, ಹಾಕಿಸಿದ ಎಣ್ಣೆ, ಇಷ್ಟನ್ನು ಮಕ್ಕಳ ಪುಸ್ತಕದಲ್ಲಿ ಬರೆಸಿ ಕಳುಹಿಸಿದರೆ ಉಪಕಾರವಾಗುತ್ತದೆ. ಹೆಸರು ಬೇಡ, ಲಾರಿಯ ನಂಬರೂ ಬೇಡ.