ಹತ್ತರಲ್ಲಿ ಒಬ್ಬರು



ಆಳಂದದ ಈ ಆರೋಗ್ಯ ಮೇಳವನ್ನು ಉದ್ಘಾಟಿಸಲು ನನ್ನನ್ನು ಕರೆದಿದ್ದೀರಿ. ಬಿಪಿ, ಶುಗರ್, ಕಣ್ಣಿನ ಮಳಿಗೆಗಳ ಮುಂದೆ ಆಗಲೇ ಸಾಲು ನಿಂತಿದೆ. ಕೊನೆಯಲ್ಲಿ ಪರದೆ ಕಟ್ಟಿದ ಮಳಿಗೆಯೊಂದಿದೆ. ಗರ್ಭಚೀಲದ ಬಾಯಿಯ ಕ್ಯಾನ್ಸರ್ ತಪಾಸಣೆಯದು. ಅಲ್ಲಿ ಯಾರೂ ನಿಂತಿಲ್ಲ. ಹಾಗಾಗಿ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಸೀಗಿ ಹುಣ್ಣಿಮೆಗೆ ನಮ್ಮ ಕಡೆಯವರು ನಡೆದು ಹೋಗುವ ತುಳಜಾಪುರ ಇರುವುದು ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ. ನಮ್ಮ ಹಾಗೆಯೇ ಜೋಳ, ತೊಗರಿ ಬೆಳೆಯುವ ಸೀಮೆ. ಆ ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ಇದೇ ತಪಾಸಣೆಯ ಬಗ್ಗೆ ದೊಡ್ಡದೊಂದು ಅಧ್ಯಯನ ಶುರುವಾಯಿತು. 30ರಿಂದ 59 ವರ್ಷದ 1,30,000ಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದರು. ಈ ಕ್ಯಾನ್ಸರ್ ತಡೆಯುವ ಲಸಿಕೆ ಆಗಿನ್ನೂ ಬಂದಿರಲಿಲ್ಲ. ಅವರಲ್ಲಿ ಸುಮಾರು 27,000 ಮಂದಿಗೆ, ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಅಪಾಯಕಾರಿ ತಳಿಗಳ ಪರೀಕ್ಷೆ ಮಾಡಿದರು. ಹತ್ತರಲ್ಲಿ ಒಬ್ಬರಿಗೆ ಸೋಂಕು ಇತ್ತು.

ಇದು ಪರೀಕ್ಷೆಯಾದ ಹೊತ್ತಿನ ಲೆಕ್ಕ ಮಾತ್ರ. ಇಡೀ ಬಾಳನ್ನು ತೆಗೆದುಕೊಂಡರೆ, ಲಸಿಕೆ ಹಾಕಿಸಿಕೊಳ್ಳದ ಹೆಂಗಸರು ಗಂಡಸರು ಬಹುತೇಕ ಎಲ್ಲರಿಗೂ ಯಾವಾಗಲೋ ಒಮ್ಮೆ ಎಚ್‌ಪಿವಿ ತಗುಲಿರುತ್ತದೆ. ಗಂಡನೊಬ್ಬನನ್ನೇ ಬಲ್ಲ ಹೆಂಗಸಿಗೂ ಬರುತ್ತದೆ. ಗಂಡನಿಗೆ ತನ್ನಲ್ಲಿ ಅದಿದೆ ಎಂದೇ ತಿಳಿದಿರುವುದಿಲ್ಲ, ನೋವಿಲ್ಲ, ಜ್ವರವಿಲ್ಲ. ಆದ್ದರಿಂದ ಚೀಟಿಯಲ್ಲಿ 'ಪಾಸಿಟಿವ್' ಎಂದು ಬಂದರೆ ಯಾರ ನಡತೆಯ ಮಾತೂ ಅಲ್ಲಿ ಬರಬಾರದು. ಅತ್ತೆಯಂದಿರಿಗೆ, ಗಂಡಂದಿರಿಗೆ ಇದನ್ನು ಒತ್ತಿ ಹೇಳುತ್ತೇನೆ. ಈ ಒಂದು ಸಂಶಯದ ಭಯಕ್ಕೇ ಎಷ್ಟೋ ಹೆಣ್ಣುಮಕ್ಕಳು ಬಿಳಿ ಹೋಗುವುದನ್ನು, ಮುಟ್ಟು ನಿಂತ ಮೇಲೂ ರಕ್ತ ಕಾಣಿಸುವುದನ್ನು ಮುಚ್ಚಿಟ್ಟುಕೊಂಡು, ಕೈಮೀರಿದ ಮೇಲೆ ನಮ್ಮ ಹತ್ತಿರ ಬರುತ್ತಾರೆ.

ಸೋಂಕು ತಗುಲಿದ ನೂರರಲ್ಲಿ ತೊಂಬತ್ತು ಮಂದಿಯ ದೇಹ ಎರಡು ವರ್ಷದೊಳಗೆ ಅದನ್ನು ತಾನೇ ಹೊರಹಾಕುತ್ತದೆ. ಉಳಿದವರಲ್ಲಿ, ಅದರಲ್ಲೂ 16 ಮತ್ತು 18 ಎಂಬ ತಳಿಗಳು ಬೇರೂರಿದವರಲ್ಲಿ, ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅದು ಕ್ಯಾನ್ಸರ್ ಆಗಬಹುದು. 2022ರ ಅಂದಾಜಿನಂತೆ ಈ ಕ್ಯಾನ್ಸರಿನಿಂದ ನಮ್ಮ ದೇಶದಲ್ಲಿ ಒಂದೇ ವರ್ಷ ಸುಮಾರು 80,000 ಹೆಂಗಸರು ತೀರಿಕೊಂಡರು. ಹದಿನೈದು ವರ್ಷ ಕಾಲಾವಕಾಶ ಕೊಡುವ ರೋಗಕ್ಕೆ ಇಷ್ಟು ಜನರನ್ನು ಒಪ್ಪಿಸಿದ್ದೇವೆ ಎಂಬುದು ನನ್ನ ಸಂಕಟ. ಉಸ್ಮಾನಾಬಾದಿನಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟರು. ಎಂಟು ವರ್ಷದಲ್ಲಿ ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು, ತಪಾಸಣೆ ಆಗದ ಗುಂಪಿಗೆ ಹೋಲಿಸಿದರೆ, ಹೆಚ್ಚುಕಡಿಮೆ ಅರ್ಧದಷ್ಟೇ ಇದ್ದವು. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವರ್ಷದವರಲ್ಲಿ ಈ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ.

ಇನ್ನು ಲಸಿಕೆ. 2009ರಲ್ಲಿ ಬಾರ್ಶಿ, ಪುಣೆ, ಹೈದರಾಬಾದ್ ಸೇರಿ ಹಲವೆಡೆ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ನಡೆದಿತ್ತು. ಇದೇ ಲಸಿಕೆಯ ಬೇರೊಂದು ಯೋಜನೆಯ ಸುತ್ತ ಎದ್ದ ಗಲಾಟೆಯಿಂದ 2010ರಲ್ಲಿ ಸರ್ಕಾರ ಇದನ್ನೂ ನಡುವೆಯೇ ನಿಲ್ಲಿಸಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಸಂಶೋಧಕರು ಅವರನ್ನು ಕೈಬಿಡದೆ, ಮದುವೆಯಾದ ಮೇಲೂ ಪರೀಕ್ಷಿಸುತ್ತ ಬಂದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು: 16, 18ರ ಬೇರೂರುವ ಸೋಂಕಿನಿಂದ ಆ ಒಂದು ಡೋಸ್ ಕೊಟ್ಟ ರಕ್ಷಣೆ ಶೇ 95ರಷ್ಟು. ಒಂದು ಡೋಸ್ ಸಾಕಾಗಬಹುದು ಎಂದು ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ನಮ್ಮ ನೆರೆಯ ಈ ಹುಡುಗಿಯರೂ ಕಾರಣ.

ಆಗಲೇ ಇರುವ ಸೋಂಕನ್ನು ಲಸಿಕೆ ತೆಗೆಯುವುದಿಲ್ಲ. ಅದಕ್ಕೇ ಮಗಳಿಗೆ 9ರಿಂದ 14ರ ವಯಸ್ಸಿನೊಳಗೆ ಲಸಿಕೆ, 30 ದಾಟಿದ ತಾಯಿಗೆ ತಪಾಸಣೆ. ಲಸಿಕೆ ಪಡೆದ ಮಗಳಿಗೂ ಮುಂದೆ ತಪಾಸಣೆ ಬೇಕು.

ಮೇಳ ಉದ್ಘಾಟನೆಯಾಗಿದೆ. ಅಣ್ಣಂದಿರೇ, ಸ್ವಲ್ಪ ಹೊತ್ತು ಮಕ್ಕಳನ್ನು ಎತ್ತಿಕೊಳ್ಳಿ. ಅವ್ವಂದಿರೇ, ಪರದೆಯ ಮಳಿಗೆಯಲ್ಲಿ ಹೆಂಗಸರೇ ಇದ್ದಾರೆ, ಕೆಲವೇ ನಿಮಿಷದ ಕೆಲಸ. ಬನ್ನಿ, ಹೆಸರು ಬರೆಸೋಣ.